ಮತ್ತೆ ಊದಿಕೊಂಡ ಕಣ್ಣುಗಳು: ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್ ಏಕೆ ಮರುಕಳಿಸುತ್ತದೆ, ಕರಾವಳಿಯ ಬಡ ಮನೆ ಅದನ್ನು ಹೇಗೆ ಎದುರಿಸಬಹುದು

ಮಕ್ಕಳಿಗೆ ಬರುವ ಕಿಡ್ನಿ ಕಾಯಿಲೆಗಳಲ್ಲಿ ಮನೆಯವರನ್ನು ಅತಿ ಹೆಚ್ಚು ದಣಿಸುವುದು ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮೈ ಊದಿಕೊಳ್ಳುವ ಕಾಯಿಲೆ. ಮೊದಲ ಸಲ ಬಂದಾಗ ಮಗುವಿನ ಮುಖ, ಕಾಲು, ಹೊಟ್ಟೆ ಎಲ್ಲವೂ ಊದಿಕೊಂಡು ಮನೆಯವರ ಎದೆ ಒಡೆಯುತ್ತದೆ. ಸ್ಟಿರಾಯ್ಡ್ ಮಾತ್ರೆ ಶುರುವಾದ ಎರಡು ವಾರಗಳ ಆಸುಪಾಸಿನಲ್ಲಿ ಊತ ಇಳಿಯುತ್ತದೆ, ಮಗು ಆಡತೊಡಗುತ್ತದೆ. ಗುಣವಾಯಿತು ಎಂದು ಎಲ್ಲರೂ ನಂಬುತ್ತಾರೆ. ನಂತರ ಜೂನ್ ತಿಂಗಳ ಮಳೆ ಹಿಡಿದುಕೊಳ್ಳುತ್ತದೆ, ಶಾಲೆ ಆರಂಭವಾಗುತ್ತದೆ, ಮಗುವಿಗೆ ಒಂದು ಶೀತ ಬರುತ್ತದೆ, ಕೆಲವೇ ದಿನಗಳಲ್ಲಿ ಕಣ್ಣಿನ ರೆಪ್ಪೆ ಮತ್ತೆ ದಪ್ಪವಾಗುತ್ತದೆ.

ಆ ಹೊತ್ತಿಗೆ ಮನೆಯಲ್ಲಿ ಹುಟ್ಟುವ ಪ್ರಶ್ನೆ ಒಂದೇ: ನಾವು ಎಲ್ಲಿ ತಪ್ಪಿದೆವು? ತಾಯಿ ಕೊಟ್ಟ ಮೀನಿನ ಮೇಲೆ, ಅಜ್ಜಿ ಕೊಟ್ಟ ಹಲಸಿನ ಮೇಲೆ, ಮಳೆಯಲ್ಲಿ ನೆನೆದದ್ದರ ಮೇಲೆ, ಕೊನೆಗೆ ಯಾರದೋ ದೃಷ್ಟಿಯ ಮೇಲೆ ಆರೋಪ ಬೀಳುತ್ತದೆ. ನಿಜವಾದ ಉತ್ತರ ತೀರಾ ಸರಳ. ಬಹುತೇಕ ಮನೆಗಳಲ್ಲಿ ಯಾರೂ ಯಾವ ತಪ್ಪನ್ನೂ ಮಾಡಿರುವುದಿಲ್ಲ. ಮರುಕಳಿಸುವುದು ಈ ಕಾಯಿಲೆಯ ಸಹಜ ನಡೆ. ಈ ಕಾಯಿಲೆ ಬಂದ ಮಕ್ಕಳಲ್ಲಿ ಶೇಕಡಾ 80ರಿಂದ 90ರಷ್ಟು ಮಂದಿಗೆ ಸ್ಟಿರಾಯ್ಡ್ ಚೆನ್ನಾಗಿ ಹಿಡಿಯುತ್ತದೆ. ಹಾಗೆ ಹಿಡಿದ ಮಕ್ಕಳಲ್ಲೂ ನಾಲ್ವರಲ್ಲಿ ಮೂವರಿಗೆ ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಒಮ್ಮೆಯಾದರೂ ಕಾಯಿಲೆ ಮರಳುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಪದೇಪದೇ ಮರಳುತ್ತದೆ. ಈ ಮಾತನ್ನು ಮೊದಲ ದಿನವೇ, ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ, ಕುಳಿತುಕೊಂಡು ಹೇಳಬೇಕು. ಹೇಳದೇ ಹೋದರೆ ಎರಡನೆಯ ಊತ ಬಂದಾಗ ಅವರು ವೈದ್ಯರ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಮರುಕಳಿಕೆಯನ್ನು ಪೂರ್ತಿಯಾಗಿ ತಡೆಯುವ ವಿದ್ಯೆ ಇಂದಿಗೂ ಯಾರ ಕೈಯಲ್ಲೂ ಇಲ್ಲ. ಆದರೆ ಊತ ಕಾಣುವ ಮೊದಲೇ ಅದನ್ನು ಹಿಡಿಯುವುದು ಸಾಧ್ಯ. ಅದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಮನೆಯ ಬಚ್ಚಲು ಸಾಕು. ಈ ಲೇಖನದ ಮುಖ್ಯ ಮಾತು ಇದೇ.

ಕಿಡ್ನಿಯಲ್ಲಿ ಆಗುವುದೇನು

ಪ್ರತಿಯೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ರಕ್ತ ಅವುಗಳ ಮೂಲಕ ಹಾಯುವಾಗ ನೀರು ಮತ್ತು ಕಶ್ಮಲ ಹೊರಬಂದು, ರಕ್ತಕಣ ಮತ್ತು ಪ್ರೋಟೀನ್ ಒಳಗೇ ಉಳಿಯಬೇಕು. ಈ ಶೋಧಕದ ಹೊರಮೈಯಲ್ಲಿ ಪೋಡೋಸೈಟ್ ಎಂಬ ಜೀವಕೋಶಗಳು ತಮ್ಮ ಕಾಲುಗಳನ್ನು ಒಂದರೊಳಗೊಂದು ಹೆಣೆದುಕೊಂಡು ಕುಳಿತಿರುತ್ತವೆ. ಕಾಲುಗಳ ನಡುವಿನ ಕಿರುಸಂದನ್ನು ಕಾಯುವುದು ನೆಫ್ರಿನ್ ಎಂಬ ಪ್ರೋಟೀನಿನ ಪದರ. ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಈ ಹೆಣಿಗೆ ಸಡಿಲವಾಗುತ್ತದೆ, ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರಿಹೋಗುತ್ತದೆ. ಮೂತ್ರ ನೊರೆನೊರೆಯಾಗುವುದು ಅದರಿಂದಲೇ. ಆಲ್ಬುಮಿನ್ ಕಡಿಮೆಯಾದ ರಕ್ತ ನೀರನ್ನು ನಾಳದೊಳಗೆ ಹಿಡಿದಿಟ್ಟುಕೊಳ್ಳಲಾರದು. ಜೊತೆಗೆ ಕಿಡ್ನಿಯೂ ಉಪ್ಪನ್ನು ಹೊರಹಾಕದೆ ತಡೆಹಿಡಿಯುತ್ತದೆ. ನೀರು ಅಂಗಾಂಶಗಳಿಗೆ ಇಳಿದು ಮೈ ಊದಿಕೊಳ್ಳುತ್ತದೆ.

ಹೆಚ್ಚಾಗಿ 2ರಿಂದ 6 ವರ್ಷದೊಳಗೆ ಇದು ಶುರುವಾಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಮುಂಜಾನೆ ಕಣ್ಣಿನ ಸುತ್ತ ಊತ, ಸಂಜೆಯ ಹೊತ್ತಿಗೆ ಅದು ಇಳಿದು ಪಾದದಲ್ಲಿ ಊತ. ಹೀಗಾಗಿ ಆರಂಭದಲ್ಲಿ ಅಲರ್ಜಿ ಎಂದು ತಿಳಿದು ವಾರಗಟ್ಟಲೆ ಅಲರ್ಜಿ ಔಷಧ ಕುಡಿಸುವುದುಂಟು. ಕಣ್ಣು ಊದಿಕೊಂಡ ಯಾವುದೇ ಮಗುವಿನ ಮೂತ್ರವನ್ನು ಒಮ್ಮೆ ಪರೀಕ್ಷಿಸಿದರೆ ಈ ಗೊಂದಲ ಐದು ನಿಮಿಷದಲ್ಲಿ ಬಗೆಹರಿಯುತ್ತದೆ.

ಹೆಣಿಗೆ ಏಕೆ ಸಡಿಲವಾಗುತ್ತದೆ ಎಂಬುದು ದಶಕಗಳ ಕಾಲ ಒಗಟಾಗಿತ್ತು. ದೇಹದ ರೋಗನಿರೋಧಕ ವ್ಯವಸ್ಥೆ ಹಾದಿ ತಪ್ಪುತ್ತದೆ ಎಂಬ ಊಹೆ ಮೊದಲಿನಿಂದಲೂ ಇತ್ತು. 2022ರಲ್ಲಿ, ಮತ್ತೆ 2024ರಲ್ಲಿ ಪ್ರಕಟವಾದ ಅಧ್ಯಯನಗಳು ಅನೇಕ ರೋಗಿಗಳ ರಕ್ತದಲ್ಲಿ ನೆಫ್ರಿನ್‌ಗೆ ವಿರುದ್ಧವಾದ ಪ್ರತಿಕಾಯಗಳನ್ನು ಗುರುತಿಸಿದವು. ಕಾಯಿಲೆ ಕೆರಳಿದಾಗ ಅವು ಏರುತ್ತವೆ, ತಣಿದಾಗ ಇಳಿಯುತ್ತವೆ. ಎಲ್ಲ ಮಕ್ಕಳಲ್ಲೂ ಇವು ಸಿಗುವುದಿಲ್ಲ, ಹಾಗಾಗಿ ಕಥೆ ಪೂರ್ತಿಯಾಗಿಲ್ಲ. ಆದರೂ ಒಂದು ವಿಷಯ ಸ್ಪಷ್ಟವಾಗುತ್ತದೆ. ಶೀತ, ಕೆಮ್ಮು, ಜ್ವರ ಬಂದಾಗ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತದೆ. ಈ ಮಕ್ಕಳಲ್ಲಿ ಆ ಎಚ್ಚರವೇ ಕಿಡ್ನಿಯ ಕಡೆಗೂ ತಿರುಗುತ್ತದೆ. ಮರುಕಳಿಕೆಗಳಲ್ಲಿ ಹೆಚ್ಚಿನವು ಶ್ವಾಸನಾಳದ ಸಣ್ಣ ಸೋಂಕುಗಳ ಬೆನ್ನಿಗೇ ಬರುವುದು ಇದರಿಂದ.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಮನೆಯವರ ಮನಸ್ಸಿನಲ್ಲಿ ಕೊರೆಯುವ ಭಯ ಅದು. ಕಿಡ್ನಿ ಕಾಯಿಲೆ ಎಂದೊಡನೆ ಡಯಾಲಿಸಿಸ್ ಕಣ್ಮುಂದೆ ಬರುತ್ತದೆ. ಸ್ಟಿರಾಯ್ಡ್ ಹಿಡಿಯುವ ಮಕ್ಕಳಲ್ಲಿ ಕಿಡ್ನಿ ಸೋಲುವುದು ಬಹಳ ಅಪರೂಪ. ಹತ್ತು ಸಲ ಮರುಕಳಿಸಿದರೂ, ಪ್ರತಿ ಸಲ ಔಷಧಕ್ಕೆ ಮಣಿದರೆ, ಆ ಕಿಡ್ನಿಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಹೆಚ್ಚಿನವರು ಹದಿಹರೆಯ ದಾಟುವಷ್ಟರಲ್ಲಿ ಕಾಯಿಲೆಯಿಂದ ಹೊರಬರುತ್ತಾರೆ. ಕೆಲವರಲ್ಲಿ ಮಾತ್ರ ಅದು ದೊಡ್ಡವರಾದ ಮೇಲೂ ಮುಂದುವರಿಯುತ್ತದೆ. ಔಷಧಕ್ಕೆ ಮಣಿಯದ ಮಕ್ಕಳ ದಾರಿ ಬೇರೆ. ಅವರಿಗೆ ಕಿಡ್ನಿಯ ಬಯಾಪ್ಸಿ (ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ), ಕೆಲವೊಮ್ಮೆ ವಂಶವಾಹಿ ಪರೀಕ್ಷೆ, ಬೇರೆಯೇ ಔಷಧಗಳು ಬೇಕಾಗುತ್ತವೆ. ಇವರನ್ನು ತಡಮಾಡದೆ ಮಕ್ಕಳ ಕಿಡ್ನಿ ತಜ್ಞರ ಬಳಿಗೆ ಕಳುಹಿಸಬೇಕು.

ಬೆಳಗಿನ ಮೊದಲ ಮೂತ್ರ

ಊತ ಮರುಕಳಿಕೆಯ ಮೊದಲ ಲಕ್ಷಣವಲ್ಲ, ತಡವಾಗಿ ಬರುವ ಲಕ್ಷಣ. ಕಣ್ಣು ಊದುವುದಕ್ಕೆ ಹಲವು ದಿನ ಮೊದಲೇ ಪ್ರೋಟೀನ್ ಸೋರಲು ಶುರುವಾಗಿರುತ್ತದೆ. ಆ ದಿನಗಳಲ್ಲಿ ಹಿಡಿದರೆ ಮಗು ಮನೆಯಲ್ಲೇ ಇದ್ದು ಮಾತ್ರೆಯಿಂದ ಸುಧಾರಿಸಿಕೊಳ್ಳಬಹುದು. ಹಿಡಿಯದೆ ಬಿಟ್ಟರೆ ಹೊಟ್ಟೆಯಲ್ಲಿ ನೀರು ತುಂಬಿ, ಸೋಂಕು ಹತ್ತಿ, ಆಸ್ಪತ್ರೆಯಲ್ಲಿ ದಾಖಲಾಗಿ, ದುಬಾರಿ ಆಲ್ಬುಮಿನ್ ಹನಿಸುವ ಹಂತ ಬರಬಹುದು. ಬಡ ಮನೆಗೆ ಈ ಕೆಲವು ದಿನಗಳ ಅಂತರ ತಿಂಗಳುಗಟ್ಟಲೆಯ ಸಾಲದ ಅಂತರ.

ಹಿಡಿಯುವ ಸಾಧನ ಒಂದು ತೆಳುವಾದ ಪಟ್ಟಿ. ಔಷಧದ ಅಂಗಡಿಯಲ್ಲಿ ಮೂತ್ರ ಪರೀಕ್ಷೆಯ ಸ್ಟ್ರಿಪ್ ಎಂದು ಕೇಳಿದರೆ ಸಿಗುತ್ತದೆ. ಬೆಳಿಗ್ಗೆ ಎದ್ದ ಕೂಡಲೆ ಮಗು ಮಾಡುವ ಮೊದಲ ಮೂತ್ರವನ್ನು ಸ್ವಚ್ಛವಾದ ಲೋಟದಲ್ಲಿ ಹಿಡಿದು, ಪಟ್ಟಿಯನ್ನು ಒಮ್ಮೆ ಅದ್ದಿ ತೆಗೆದು, ಬಾಟಲಿಯ ಮೇಲೆ ಬರೆದಷ್ಟು ಸೆಕೆಂಡು ಕಾದು, ಅಲ್ಲೇ ಮುದ್ರಿಸಿರುವ ಬಣ್ಣಗಳ ಜೊತೆ ಹೋಲಿಸಬೇಕು. ಪ್ರೋಟೀನ್ ಇಲ್ಲದಿದ್ದರೆ ಹಳದಿ. ಹೆಚ್ಚಿದಂತೆ ಹಸಿರು ಗಾಢವಾಗುತ್ತದೆ, ಬಣ್ಣದ ಪಕ್ಕದ ಗುರುತೂ 1+, 2+, 3+ ಎಂದು ಏರುತ್ತದೆ. ಮೊದಲ ಮೂತ್ರವೇ ಏಕೆಂದರೆ, ಹಗಲಿನ ಓಡಾಟ, ಕುಡಿದ ನೀರಿನ ಪ್ರಮಾಣ ಇವೆಲ್ಲ ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಆರೋಗ್ಯವಾಗಿರುವಾಗ ವಾರಕ್ಕೆ ಎರಡು ಮೂರು ಸಲ ನೋಡಿದರೆ ಸಾಕು. ಶೀತ ಜ್ವರ ಬಂದಾಗ, ಮುಖ ಸ್ವಲ್ಪ ದಪ್ಪ ಎನ್ನಿಸಿದಾಗ, ಔಷಧದ ಪ್ರಮಾಣ ಇಳಿಸುತ್ತಿರುವಾಗ ದಿನವೂ ನೋಡಬೇಕು.

ಸತತ ಮೂರು ದಿನ 3+ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಮರುಕಳಿಕೆ. ಸತತ ಮೂರು ದಿನ ಪ್ರೋಟೀನ್ ಇಲ್ಲ ಅಥವಾ ಲೇಶ ಮಾತ್ರ ಎಂದು ಬಂದರೆ ಕಾಯಿಲೆ ತಣಿದಿದೆ ಎಂದರ್ಥ. ಈ ಮೂರು ದಿನಗಳ ನಿಯಮ ಬಹಳ ಮುಖ್ಯ. ಜ್ವರ ಬಂದ ಆರೋಗ್ಯವಂತ ಮಗುವಿನ ಮೂತ್ರದಲ್ಲೂ ಒಂದೆರಡು ದಿನ ಪ್ರೋಟೀನ್ ಕಾಣಿಸಬಹುದು. ನೆಫ್ರೋಟಿಕ್ ಮಕ್ಕಳಲ್ಲೂ ಸಣ್ಣ ಶೀತಕ್ಕೆ 1+, 2+ ಬಂದು ತಾನಾಗಿಯೇ ಹೋಗುವುದುಂಟು. ಒಂದು ದಿನದ ಹಸಿರು ನೋಡಿ ಗಾಬರಿಯಿಂದ ಪೂರ್ಣ ಪ್ರಮಾಣದ ಸ್ಟಿರಾಯ್ಡ್ ಶುರು ಮಾಡಿದರೆ ಬೇಕಿಲ್ಲದ ಔಷಧವನ್ನು ಮಗುವಿಗೆ ತಿನ್ನಿಸಿದಂತಾಗುತ್ತದೆ. ಊತ ಇದ್ದರೆ ಮಾತ್ರ ಮೂರು ದಿನ ಕಾಯುವ ಮಾತಿಲ್ಲ, ಅಂದೇ ವೈದ್ಯರಿಗೆ ತಿಳಿಸಬೇಕು.

ಇಲ್ಲಿ ನಮ್ಮ ಕರಾವಳಿಗೆ ಮಾತ್ರ ಸೇರಿದ ಒಂದು ತೊಂದರೆ ಇದೆ. ಈ ಪಟ್ಟಿಗಳಿಗೆ ತೇವ ಆಗದು. ಜುಲೈ ತಿಂಗಳಲ್ಲಿ ಗೋಡೆ ಬೆವರುವ, ಉಪ್ಪು ನೀರಾಗುವ, ಬಟ್ಟೆಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಮುಚ್ಚಳ ಸಡಿಲವಾದ ಬಾಟಲಿಯ ಪಟ್ಟಿಗಳು ಹಾಳಾಗಿ ಸುಳ್ಳು ಫಲಿತಾಂಶ ಕೊಡಬಹುದು. ಪಟ್ಟಿಗಳನ್ನು ಅವುಗಳದೇ ಬಾಟಲಿಯಲ್ಲಿ, ತೇವ ಹೀರುವ ಪುಟ್ಟ ಪೊಟ್ಟಣವನ್ನು ಎಸೆಯದೆ, ಮುಚ್ಚಳ ಬಿಗಿದು ಇಡಬೇಕು. ಬಚ್ಚಲಲ್ಲಿ ಇಡಬಾರದು, ಫ್ರಿಜ್‌ನಲ್ಲೂ ಬೇಡ. ಒಣಗಿದ ಕೈಯಿಂದ ಒಂದನ್ನು ತೆಗೆದು ಕೂಡಲೆ ಮುಚ್ಚಬೇಕು. ಅದ್ದುವ ಮೊದಲೇ ಬಣ್ಣ ಬದಲಾಗಿರುವ ಪಟ್ಟಿಯನ್ನು ನಂಬಬಾರದು. ನಾಲ್ಕೈದು ಮನೆಗಳಿಗೆ ಒಂದು ಬಾಟಲಿಯನ್ನು ಬಿಡಿಬಿಡಿಯಾಗಿ ಕಾಗದದಲ್ಲಿ ಕಟ್ಟಿ ಹಂಚಿಕೊಳ್ಳುವುದು ಉಳಿತಾಯದಂತೆ ಕಂಡರೂ ಮಳೆಗಾಲದಲ್ಲಿ ಅದು ಕೆಲಸಕ್ಕೆ ಬಾರದು.

ಪಟ್ಟಿಗೂ ಹಣವಿಲ್ಲದ ಮನೆಗೆ ಹಳೆಯ ಎರಡು ವಿಧಾನಗಳಿವೆ. ಒಂದು, ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಪರೀಕ್ಷೆ. ಸ್ವಲ್ಪ ಮೂತ್ರಕ್ಕೆ ಈ ದ್ರಾವಣವನ್ನು ಹನಿಸಿದಾಗ ಪ್ರೋಟೀನ್ ಇದ್ದರೆ ಮೂತ್ರ ಹಾಲಿನಂತೆ ಮಸುಕಾಗುತ್ತದೆ. ಮಸುಕು ಗಟ್ಟಿಯಾದಷ್ಟೂ ಪ್ರೋಟೀನ್ ಹೆಚ್ಚು. ಇನ್ನೊಂದು, ಕುದಿಸುವ ಪರೀಕ್ಷೆ. ಗಾಜಿನ ನಳಿಕೆಯಲ್ಲಿ ಮುಕ್ಕಾಲು ಭಾಗ ಮೂತ್ರ ತುಂಬಿ ಮೇಲ್ಭಾಗವನ್ನು ಮಾತ್ರ ಕಾಯಿಸಿದರೆ ಅಲ್ಲಿ ಬಿಳಿ ಮಸುಕು ಬರುತ್ತದೆ. ತೆಳುವಾದ ವಿನೆಗರ್ ಕೆಲವು ಹನಿ ಹಾಕಿದಾಗ ಮಸುಕು ಕರಗಿಹೋದರೆ ಅದು ಲವಣ, ಉಳಿದರೆ ಪ್ರೋಟೀನ್. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ನಿಖರತೆಯಲ್ಲಿ ಇವು ಪಟ್ಟಿಗಿಂತ ತುಸು ಹಿಂದೆ ಇರಬಹುದು, ಆದರೆ 3+ ಸೋರಿಕೆಯನ್ನು ಹಿಡಿಯಲು ಇವು ಸಾಕು. ಆಮ್ಲ ಮತ್ತು ಬೆಂಕಿ ಎರಡೂ ಇರುವುದರಿಂದ ದೊಡ್ಡವರೇ ಮಾಡಬೇಕು, ಆಸ್ಪತ್ರೆಯಲ್ಲಿ ಒಮ್ಮೆ ನೋಡಿ ಕಲಿತ ಮೇಲೆ ಮಾಡಬೇಕು.

ಫಲಿತಾಂಶವನ್ನು ಬರೆದಿಡುವುದು ಪರೀಕ್ಷೆಯಷ್ಟೇ ಮುಖ್ಯ. ದಿನಾಂಕ, ಪ್ರೋಟೀನ್ ಎಷ್ಟು, ಕೊಟ್ಟ ಮಾತ್ರೆ ಎಷ್ಟು, ಜ್ವರ ಕೆಮ್ಮು ಇತ್ತೇ, ತೂಕ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ ತಾಯಿ ವೈದ್ಯರ ಎದುರು ಕುಳಿತಾಗ ಅಲ್ಲಿ ಆಗುವ ತೀರ್ಮಾನವೇ ಬೇರೆ. ಎಷ್ಟು ಸಲ ಮರುಕಳಿಸಿತು, ಎಷ್ಟು ಮಿಲಿಗ್ರಾಂಗೆ ಇಳಿಸಿದಾಗ ಮರುಕಳಿಸಿತು ಎಂಬುದರ ಮೇಲೆ ಮುಂದಿನ ಔಷಧ ನಿಂತಿದೆ. ನೆನಪಿನಿಂದ ಹೇಳಿದ ಲೆಕ್ಕ ಹೆಚ್ಚು ದೂರ ಹೋಗುವುದಿಲ್ಲ. ಓದು ಬಾರದ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಹಳದಿ, ಹಸಿರು ಚುಕ್ಕೆ ಇಟ್ಟರೂ ನಡೆಯುತ್ತದೆ. ಮಗು ಸ್ವಲ್ಪ ದೊಡ್ಡದಾದರೆ ಚುಕ್ಕೆ ಇಡುವ ಕೆಲಸವನ್ನು ಅದಕ್ಕೇ ಕೊಡಬೇಕು. ತನ್ನ ಕಾಯಿಲೆಯ ಲೆಕ್ಕ ತನಗೆ ಗೊತ್ತಿರುವ ಮಗು ಹದಿಹರೆಯದಲ್ಲಿ ಮಾತ್ರೆ ಬಿಡುವ ಸಾಧ್ಯತೆ ಕಡಿಮೆ ಎಂದು ನಾನು ನಂಬುತ್ತೇನೆ.

ಮಾತ್ರೆಯ ಲೆಕ್ಕ ಮತ್ತು ಮಾತ್ರೆಯ ಭಯ

ಈ ಕಾಯಿಲೆಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯ ಹೆಸರು ಪ್ರೆಡ್ನಿಸೊಲೋನ್. ಅದು ಅಗ್ಗದ ಔಷಧ. ಸ್ಟಿರಾಯ್ಡ್ ಮತ್ತು ಆ್ಯಂಟಿಬಯಾಟಿಕ್ ಬರುವ ಮೊದಲು ಈ ಕಾಯಿಲೆಯ ಬಹಳಷ್ಟು ಮಕ್ಕಳು ಸೋಂಕಿನಿಂದ ಸಾಯುತ್ತಿದ್ದರು. ಇಂದು ಬದುಕಿ ಶಾಲೆಗೆ ಹೋಗುತ್ತಿರುವುದರಲ್ಲಿ ಈ ಪುಟ್ಟ ಮಾತ್ರೆಯ ಪಾಲು ದೊಡ್ಡದು. ಭಾರತದ ಮಕ್ಕಳ ಕಿಡ್ನಿ ತಜ್ಞರ ಸಂಘದ 2021ರ ಮಾರ್ಗಸೂಚಿಯಂತೆ ಮೊದಲ ಸಲ ಆರು ವಾರ ದಿನವೂ, ನಂತರ ಆರು ವಾರ ದಿನ ಬಿಟ್ಟು ದಿನ ಕೊಡಲಾಗುತ್ತದೆ. ಅಪರೂಪಕ್ಕೆ ಮರುಕಳಿಸಿದಾಗ ಮೂತ್ರ ಮೂರು ದಿನ ತಿಳಿಯಾಗುವವರೆಗೆ ದಿನವೂ, ಆಮೇಲೆ ನಾಲ್ಕು ವಾರ ದಿನ ಬಿಟ್ಟು ದಿನ. ಪ್ರಮಾಣ ಮಗುವಿನ ತೂಕ ಮತ್ತು ಎತ್ತರದ ಮೇಲೆ ನಿಲ್ಲುತ್ತದೆ. ಹಾಗಾಗಿ ಕಳೆದ ವರ್ಷದ ಚೀಟಿಯನ್ನು ಈ ವರ್ಷ ಬಳಸಬಾರದು, ಅಣ್ಣನ ಚೀಟಿಯನ್ನು ತಮ್ಮನಿಗಂತೂ ಬಳಸಲೇಬಾರದು.

ಹೆಚ್ಚು ದಿನ ಕೊಟ್ಟರೆ ಮರುಕಳಿಸುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ನೆದರ್ಲೆಂಡ್ಸ್, ಜಪಾನ್, ಭಾರತ ಮತ್ತು ಬ್ರಿಟನ್‌ನಲ್ಲಿ ನಡೆದ ಎಚ್ಚರದ ಅಧ್ಯಯನಗಳು ಮೊದಲ ಚಿಕಿತ್ಸೆಯನ್ನು ಎರಡು ಮೂರು ತಿಂಗಳಿಗಿಂತ ಎಳೆದರೂ ಪದೇಪದೇ ಮರುಕಳಿಸುವುದು ಕಡಿಮೆಯಾಗದು ಎಂದು ತೋರಿಸಿದವು. ಬಡ ಕುಟುಂಬಕ್ಕೆ ಇದು ಒಳ್ಳೆಯ ಸುದ್ದಿ.

ಸೋಂಕಿನ ದಿನಗಳ ಬಗ್ಗೆ ಮಾತ್ರ ತಜ್ಞರಲ್ಲಿ ಪೂರ್ತಿ ಒಮ್ಮತವಿಲ್ಲ. ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಜ್ವರ ಬಂದಾಗ ಅದೇ ಪ್ರಮಾಣವನ್ನು ಐದರಿಂದ ಏಳು ದಿನ ದಿನವೂ ಕೊಟ್ಟರೆ ಮರುಕಳಿಕೆ ತಪ್ಪಬಹುದು ಎಂದು ಭಾರತ ಮತ್ತು ಶ್ರೀಲಂಕಾದ ಅಧ್ಯಯನಗಳು ಹೇಳಿದವು. ಬ್ರಿಟನ್‌ನ ದೊಡ್ಡ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಪದೇಪದೇ ಮರುಕಳಿಸುವ ಮಕ್ಕಳಿಗೆ ನಮ್ಮ ದೇಶದ ಮಾರ್ಗಸೂಚಿ ಈಗಲೂ ಇದನ್ನು ಸೂಚಿಸುತ್ತದೆ. ಆದ್ದರಿಂದ ಮಳೆಗಾಲ ಬರುವ ಮೊದಲೇ ವೈದ್ಯರನ್ನು ಕೇಳಿ, ಜ್ವರ ಬಂದರೆ ಏನು ಮಾಡಬೇಕೆಂದು ಚೀಟಿಯಲ್ಲಿ ಬರೆಸಿಕೊಂಡು ಬರುವುದು ಉತ್ತಮ. ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್‌ನಂಥವು ಇಂಥ ಮಕ್ಕಳಿಗೆ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೆಂಗಿಯ ಕಾಲದಲ್ಲೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಭಯ. ಸ್ಟಿರಾಯ್ಡ್‌ನಿಂದ ಮುಖ ಗುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಸಿಟ್ಟು ಹಟ ಜಾಸ್ತಿಯಾಗುತ್ತದೆ, ಬಹುಕಾಲ ಕೊಟ್ಟರೆ ಎತ್ತರ ಕುಂಠಿತವಾಗುತ್ತದೆ, ರಕ್ತದೊತ್ತಡ ಏರಬಹುದು, ಕಣ್ಣಿಗೆ ಪೊರೆ ಬರಬಹುದು. ಈ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ತಳ್ಳಿಹಾಕುವ ವೈದ್ಯರ ಬಗ್ಗೆ ನನಗೆ ಅಸಮಾಧಾನವಿದೆ. ಆದರೆ ಭಯದಿಂದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅದಕ್ಕಿಂತ ಅಪಾಯ. ವಾರಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡ ದೇಹ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ; ಹಠಾತ್ತನೆ ನಿಲ್ಲಿಸಿದರೆ ಸಾಮಾನ್ಯ ವಾಂತಿಭೇದಿಯೂ ಜೀವಕ್ಕೆ ಕುತ್ತಾಗಬಹುದು. ಅದಕ್ಕಾಗಿಯೇ ಅಪಘಾತ, ಶಸ್ತ್ರಚಿಕಿತ್ಸೆ, ದೊಡ್ಡ ಜ್ವರದಂಥ ಸಂದರ್ಭದಲ್ಲಿ ಮಗು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದೆ ಅಥವಾ ಕಳೆದ ಒಂದು ವರ್ಷದಲ್ಲಿ ತೆಗೆದುಕೊಂಡಿತ್ತು ಎಂದು ಯಾವ ವೈದ್ಯರ ಬಳಿ ಹೋದರೂ ಮೊದಲು ಹೇಳಬೇಕು.

ಪದೇಪದೇ ಮರುಕಳಿಸಿದರೆ ಸ್ಟಿರಾಯ್ಡ್‌ನ ಹೊರೆ ಇಳಿಸಲು ಬೇರೆ ಔಷಧಗಳಿವೆ. ಹುಳದ ಔಷಧವಾಗಿ ಬಂದ ಲೆವಾಮಿಸೋಲ್ ಅವುಗಳಲ್ಲಿ ಅಗ್ಗದ್ದು, ದಿನ ಬಿಟ್ಟು ದಿನ ಕೊಡುವಂಥದ್ದು. ನಡುನಡುವೆ ಬಿಳಿ ರಕ್ತಕಣದ ಎಣಿಕೆ ನೋಡಬೇಕು. ಮೈಕೋಫಿನೊಲೇಟ್, ಸೈಕ್ಲೋಫಾಸ್ಫಮೈಡ್, ಟ್ಯಾಕ್ರೊಲಿಮಸ್, ಕೊನೆಗೆ ರಿಟುಕ್ಸಿಮ್ಯಾಬ್ ಚುಚ್ಚುಮದ್ದು ಹೀಗೆ ಮೆಟ್ಟಿಲು ಏರುತ್ತದೆ, ಬೆಲೆಯೂ ರಕ್ತಪರೀಕ್ಷೆಯ ಸಂಖ್ಯೆಯೂ ಜೊತೆಗೇ ಏರುತ್ತವೆ. ಯಾವುದನ್ನು ಆರಿಸಬೇಕು ಎಂಬಲ್ಲಿ ಮನೆಯವರು ಸಂಕೋಚವಿಲ್ಲದೆ ಹಣದ ಮಾತು ಎತ್ತಬೇಕು. ಎರಡು ತಿಂಗಳು ಕೊಂಡು ಮೂರನೆಯ ತಿಂಗಳು ಬಿಡುವ ಒಳ್ಳೆಯ ಔಷಧಕ್ಕಿಂತ ವರ್ಷವಿಡೀ ಕೊಳ್ಳಬಹುದಾದ ಔಷಧವೇ ಆ ಮಗುವಿಗೆ ಮೇಲು. ಜನೌಷಧಿ ಕೇಂದ್ರದಲ್ಲಿ ಯಾವುದು ಸಿಗುತ್ತದೆ ಎಂದು ಕೇಳಿಯೇ ಚೀಟಿ ಬರೆಸಿಕೊಳ್ಳಬಹುದು.

ಬೇರುಸಹಿತ ಗುಣಪಡಿಸುತ್ತೇವೆ ಎಂದು ಹೆಸರು, ಲೇಬಲ್ ಇಲ್ಲದ ಪುಡಿ ಕೊಡುವವರಿಂದ ಮಾತ್ರ ದೂರವಿರಬೇಕು. ಪಾದರಸವಿರುವ ಔಷಧ ಮತ್ತು ಮುಖ ಬೆಳ್ಳಗಾಗಿಸುವ ಕ್ರೀಮ್‌ಗಳಿಂದಲೇ ನೆಫ್ರೋಟಿಕ್ ಸಿಂಡ್ರೋಮ್ ಬಂದ ಉದಾಹರಣೆಗಳು ನೆರೆಯ ಕೇರಳದಲ್ಲೂ ತಮಿಳುನಾಡಿನಲ್ಲೂ ವರದಿಯಾಗಿವೆ.

ಉಪ್ಪು, ಮೀನು, ನಂಜು

ಊತ ಇರುವಾಗ ಉಪ್ಪು ಕಡಿಮೆ ಮಾಡಬೇಕು. ಸಾರಿಗೆ ಹಾಕುವ ಉಪ್ಪಿಗಿಂತ ನಮ್ಮ ಕಡೆ ಮರೆಯಾಗಿ ಬರುವ ಉಪ್ಪೇ ಹೆಚ್ಚು. ಮಳೆಗಾಲದ ಗಂಜಿಯೂಟದ ಜೊತೆಗಿರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನಿನ ಚಟ್ನಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವೆಲ್ಲ ಉಪ್ಪಿನ ಗಣಿಗಳು. ಮರುಕಳಿಕೆ ಹೆಚ್ಚಾಗುವ ಕಾಲ ಮತ್ತು ಇವುಗಳನ್ನು ತಿನ್ನುವ ಕಾಲ ಒಂದೇ ಆಗಿರುವುದು ಈ ಮಕ್ಕಳ ದುರದೃಷ್ಟ. ಊತ ಇಳಿದು ಮೂತ್ರ ತಿಳಿಯಾದ ಮೇಲೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ, ಮನೆಯವರು ತಿನ್ನುವ ಊಟವನ್ನೇ ಮಗು ತಿನ್ನಬಹುದು.

ಮೀನನ್ನು ನಂಜು ಎಂದು ವರ್ಷವಿಡೀ ನಿಲ್ಲಿಸುವ ಮನೆಗಳಿವೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಲ್ಲ, ಪ್ರೋಟೀನ್ ಕೊಡಬಾರದು ಎಂದು ಬೇಳೆ ಮೊಟ್ಟೆ ನಿಲ್ಲಿಸುವವರೂ ಇದ್ದಾರೆ. ಎರಡೂ ತಪ್ಪು. ವಯಸ್ಸಿಗೆ ತಕ್ಕ ಸಾಮಾನ್ಯ ಪ್ರಮಾಣದ ಪ್ರೋಟೀನ್ ಈ ಮಕ್ಕಳಿಗೆ ಬೇಕೇ ಬೇಕು. ಒಣಗಿಸದ, ಉಪ್ಪು ಹಾಕದ ತಾಜಾ ಬಂಗುಡೆ, ಬೂತಾಯಿ ಮರುಕಳಿಕೆಯನ್ನು ತರುವುದಿಲ್ಲ.

ಯಾವಾಗ ಓಡಬೇಕು

ಊತವಿರುವ ಮಗುವಿಗೆ ಜ್ವರದ ಜೊತೆ ಹೊಟ್ಟೆನೋವು ಬಂದರೆ ಹೊಟ್ಟೆಯ ಒಳಪದರಕ್ಕೆ ಸೋಂಕು ತಗುಲಿರಬಹುದು, ಗಂಟೆಗಳು ಮುಖ್ಯ. ಮೂತ್ರ ತೀರಾ ಕಡಿಮೆಯಾಗಿ ಕೈಕಾಲು ತಣ್ಣಗಾದರೆ, ಒಂದೇ ಕಾಲು ನೋವಿನಿಂದ ಊದಿ ಕೆಂಪಾದರೆ, ಉಸಿರಾಟ ಕಷ್ಟವಾದರೆ, ವಿಪರೀತ ತಲೆನೋವು ಅಥವಾ ಫಿಟ್ಸ್ ಬಂದರೆ, ಮಾತ್ರೆಯೆಲ್ಲ ವಾಂತಿಯಾಗುತ್ತಿದ್ದರೆ ರಾತ್ರಿಯಾದರೂ ಹೊರಡಬೇಕು. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚು, ಸೋಂಕು ತಡೆಯುವ ಶಕ್ತಿ ಕಡಿಮೆ. ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದಿದ್ದರೆ, ನಮ್ಮ ಮಗುವಿಗೆ ಗುಳ್ಳೆ ಏಳುವವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ನ್ಯುಮೊಕಾಕಲ್ ಮತ್ತು ಫ್ಲೂ ಲಸಿಕೆಗಳು ಇಂಥ ಮಕ್ಕಳಿಗೆ ಮುಖ್ಯ. ಜೀವಂತ ವೈರಾಣುವಿನ ಲಸಿಕೆಗಳನ್ನು ಮಾತ್ರ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಇರುವಾಗ ಕೊಡುವುದಿಲ್ಲ.

ಆಸ್ಪತ್ರೆಗಳಿರುವ ಊರಿನ ಬಡತನ

ಸೌಲಭ್ಯ ಕಡಿಮೆ ಇರುವ ಊರುಗಳ ಬಗ್ಗೆ ಮಾತನಾಡುವಾಗ ಮಂಗಳೂರು, ಉಡುಪಿಯ ಹೆಸರು ಯಾರಿಗೂ ಹೊಳೆಯುವುದಿಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ, ಮಂಗಳೂರಿನದು 1955ರಲ್ಲಿ ಆರಂಭವಾದವು. ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಅದಕ್ಕಿಂತ ಬಹಳ ಹಳೆಯದು. ಆಮೇಲೆ ಬಂದ ವೈದ್ಯಕೀಯ ಕಾಲೇಜುಗಳು ಬೇರೆ. ಹೊರ ಜಿಲ್ಲೆಗಳಿಂದ, ಕೇರಳದಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಕಟ್ಟಡದ ಕೊರತೆಯಾಗಲಿ ತಜ್ಞರ ಕೊರತೆಯಾಗಲಿ ಇಲ್ಲಿನ ಮುಖ್ಯ ಕಷ್ಟವಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಮರಳುವ, ಐದಾರು ವರ್ಷ ಎಳೆಯುವ ಕಾಯಿಲೆಯನ್ನು ದಿನಗೂಲಿಯಲ್ಲಿ ಸಾಗಿಸುವುದು ಕಷ್ಟ.

ಅಮಾಸೆಬೈಲಿನಿಂದ ಮಣಿಪಾಲಕ್ಕೆ, ಸುಳ್ಯದ ಒಳಗಿನ ಹಳ್ಳಿಯಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. 2023ರ ಜೂನ್‌ನಿಂದ ಸರ್ಕಾರಿ ಬಸ್‌ಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಆದರೆ ಈ ಎರಡು ಜಿಲ್ಲೆಗಳ ಬಹಳಷ್ಟು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್‌ಗಳೇ. ಮಗುವನ್ನು ಕರೆದುಕೊಂಡು ಹೊರಟ ತಾಯಿಗೆ ಅಲ್ಲಿ ಟಿಕೆಟ್ ತಪ್ಪದು. ಬೀಡಿ ಕಟ್ಟುವ ಹೆಂಗಸಿಗೆ ಆಸ್ಪತ್ರೆಯ ದಿನ ಎಂದರೆ ಕಟ್ಟದ ಬೀಡಿಯ ದಿನ. ಮಲ್ಪೆ ಮತ್ತು ಮಂಗಳೂರಿನ ಬಂದರಿನಲ್ಲಿ ದುಡಿಯುವ ಮನೆಗಳ ಸ್ಥಿತಿ ಇನ್ನೂ ವಿಚಿತ್ರ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಶೀತಜ್ವರ ಹೆಚ್ಚಿ ಮರುಕಳಿಕೆಗಳು ಸಾಲುಗಟ್ಟುವ ತಿಂಗಳುಗಳಲ್ಲೇ ಆ ಮನೆಗಳಿಗೆ ಆದಾಯ ನಿಲ್ಲುತ್ತದೆ. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಮಳೆಗಾಲಕ್ಕೆ ಊರಿಗೆ ಹೋದರೆ ಮಗುವಿನ ಚೀಟಿ ಇಲ್ಲಿ, ಮಗು ಅಲ್ಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚಕ್ಕೆ. ನೆಫ್ರೋಟಿಕ್ ಮಗುವಿನ ಖರ್ಚು ಬಹುಪಾಲು ಮನೆಯಲ್ಲಾಗುತ್ತದೆ: ಮಾತ್ರೆ, ಪಟ್ಟಿ, ಬಸ್ಸು, ಕಳೆದುಹೋದ ಕೂಲಿ. ಮಗು ಹೊಟ್ಟೆ ಉಬ್ಬಿ ದಾಖಲಾದರೆ ಸರ್ಕಾರ ಸಾವಿರಾರು ರೂಪಾಯಿ ಕೊಡುತ್ತದೆ, ದಾಖಲಾಗದಂತೆ ತಡೆಯುವ ಪಟ್ಟಿಯ ಬಾಟಲಿಯನ್ನು ಮಾತ್ರ ತಾಯಿಯೇ ಕೊಳ್ಳಬೇಕು. ಇದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಸರಿಪಡಿಸಲು ಹೊಸ ಕಟ್ಟಡ ಬೇಕಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತನ್ನ ವ್ಯಾಪ್ತಿಯ ನೆಫ್ರೋಟಿಕ್ ಮಕ್ಕಳ ಪಟ್ಟಿ ಇರಲಿ. ಎರಡೋ ಮೂರೋ ಹೆಸರು ಇರಬಹುದು. ಅವರಿಗೆ ಪ್ರೆಡ್ನಿಸೊಲೋನ್ ಮತ್ತು ಮೂತ್ರದ ಸ್ಟ್ರಿಪ್ ಅಲ್ಲೇ ಉಚಿತವಾಗಿ ಸಿಗಲಿ. ಆಶಾ ಕಾರ್ಯಕರ್ತೆ ಮೇ ತಿಂಗಳಲ್ಲಿ ಒಮ್ಮೆ ಮನೆಗೆ ಹೋಗಿ ಸ್ಟ್ರಿಪ್ ಬಾಟಲಿಯ ಅವಧಿ ಮುಗಿದಿದೆಯೇ, ಜ್ವರ ಬಂದರೆ ಮಾಡಬೇಕಾದದ್ದನ್ನು ಬರೆದ ಚೀಟಿ ಇದೆಯೇ ಎಂದು ನೋಡಲಿ. ಮೂತ್ರದ ಫಲಿತಾಂಶ ಮತ್ತು ನೋಟ್‌ಬುಕ್ಕಿನ ಪುಟದ ಫೋಟೊವನ್ನು ಮೊಬೈಲಿನಲ್ಲಿ ಕಳುಹಿಸಿದರೆ ಉತ್ತರ ಕೊಡುವ ಒಬ್ಬರು ನರ್ಸ್ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಇದ್ದರೆ ಎಷ್ಟೋ ಬಸ್ ಪ್ರಯಾಣಗಳು ಉಳಿಯುತ್ತವೆ. ಶಾಲೆ ಮತ್ತು ಅಂಗನವಾಡಿಯ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಕೆಲಸ ಮಾಡುತ್ತಿವೆ. ಕಣ್ಣು ಊದಿಕೊಂಡ ಮಗುವನ್ನು ಕಂಡಾಗ ಅವರ ಚೀಲದಲ್ಲೂ ಒಂದು ಸ್ಟ್ರಿಪ್ ಬಾಟಲಿ ಇರಲಿ. ಶಿಕ್ಷಕರು ಮಾಡಬೇಕಾದದ್ದು ಇನ್ನೂ ಚಿಕ್ಕದು: ಗುಂಡು ಮುಖದ ಮಗುವನ್ನು ತರಗತಿಯಲ್ಲಿ ಯಾರೂ ಅಣಕಿಸದಂತೆ ನೋಡಿಕೊಳ್ಳುವುದು, ಪಕ್ಕದ ಬೆಂಚಿನಲ್ಲಿ ಚಿಕನ್‌ಪಾಕ್ಸ್ ಕಂಡ ದಿನ ಆ ಮನೆಗೆ ಫೋನ್ ಮಾಡುವುದು.